ಮನೆಯೊಳಗಿನ ಪಿ.ಟಿ. ಪಿರಿಯಡ್

ಮನಗೂಳಿಯ ನಮ್ಮ ಹೈಸ್ಕೂಲಿನ ಗಂಟೆ ಎರಡು ಕಡೆ ಕೆಲಸ ಮಾಡುತ್ತಿತ್ತು. ಒಂದು ನಮ್ಮ ಶಾಲೆಗೆ, ಇನ್ನೊಂದು ಕಂಪೌಂಡಿಗೆ ಹತ್ತಿಕೊಂಡೇ ಇರುವ ಜಾನಕಿಬಾಯಿಯವರ ಮನೆಗೆ. ಜವಾನ ಗುಡುಸಾಬ ಗಂಟೆ ಬಾರಿಸಿದರೆ ನಾವು ಕ್ಲಾಸು ಬದಲಿಸುತ್ತಿದ್ದೆವು; ಆ ಮನೆಯ ಪಡಸಾಲೆಯಲ್ಲಿ ಜಾನಕಿಬಾಯಿ ಪುಸ್ತಕ ಬದಲಿಸುತ್ತಿದ್ದರು. ಗಣಿತ ಮುಗಿದು ವಿಜ್ಞಾನ, ವಿಜ್ಞಾನ ಮುಗಿದು ಸಂಸ್ಕೃತ. ಕಲಿಯುವವಳು ಒಬ್ಬಳೇ, ಮಗಳು ವೃಂದಾ. ಗುಡುಸಾಬ ಒಮ್ಮೊಮ್ಮೆ ಚಹಾಕ್ಕೆ ಹೋಗಿ ಗಂಟೆ ಮರೆತರೆ ಆ ಮನೆಯಲ್ಲೂ ಗಣಿತ ಉದ್ದವಾಗುತ್ತಿತ್ತು.

ನಾನು ರೇಣುಕಾ, ಅದೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಸ್ಟಾಫ್ ರೂಮಿನ ಕಿಟಕಿಯಿಂದ ಅವರ ಹಿತ್ತಲು ಕಾಣುತ್ತದೆ, ಹಿತ್ತಲ ಬಾಗಿಲು ತೆರೆದಿದ್ದರೆ ಪಡಸಾಲೆಯೂ ಕಾಣುತ್ತದೆ. ನನ್ನ ಬಾಡಿಗೆ ಮನೆ ಇರುವುದೂ ಅವರ ಓಣಿಯಲ್ಲೇ. ಮಂದಿಯ ಮನೆ ಇಣುಕುವ ಚಟ ನಿನಗೆ ಎಂದು ಗೆಳತಿ ಭಾಗ್ಯಜ್ಯೋತಿ ಬಯ್ಯುತ್ತಾಳೆ. ಚಟವೇ ಹೌದು. ಊರೊಳಗೆ ಮಾಸ್ತರಿಕೆ ಮಾಡುವವರಿಗೆ ಅಷ್ಟೂ ಇರದಿದ್ದರೆ ಹೇಗೆ?

ಪಡಸಾಲೆಯ ಗೋಡೆಗೆ ಜಾನಕಿಬಾಯಿ ಒಂದು ವೇಳಾಪತ್ರಿಕೆ ಅಂಟಿಸಿದ್ದರು. ವೃಂದಾ ಮೂರನೆಯ ಇಯತ್ತೆಯವರೆಗೆ ಓದಿದ ಶಾಲೆಯಲ್ಲಿ ಹೇಗಿತ್ತೋ ಹಾಗೆಯೇ, ಒಂದು ಗೆರೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಹಾಗಾಗಿ ಮಂಗಳವಾರ ಮತ್ತು ಶುಕ್ರವಾರದ ಕೊನೆಯ ಚೌಕದಲ್ಲಿ ‘ಪಿ.ಟಿ.’ ಎಂದೂ ಬರೆದಿತ್ತು. ಅವರು ಬಿ.ಎಸ್ಸಿ. ಓದಿದವರು, ಉಳಿದ ಚೌಕಗಳನ್ನೆಲ್ಲ ಚೆನ್ನಾಗಿಯೇ ತುಂಬಿಸುತ್ತಿದ್ದರು. ಈ ಒಂದರ ಮುಂದೆ ಮಾತ್ರ ಅವರ ಬಿ.ಎಸ್ಸಿ. ಸುಮ್ಮನೆ ನಿಲ್ಲುತ್ತಿತ್ತು. ಆ ಹೊತ್ತಿಗೆ ತಾಯಿ ಮಗಳು ಹಿತ್ತಲ ತುಳಸಿಕಟ್ಟೆಯಿಂದ ತಲಬಾಗಿಲಿನವರೆಗೆ ನಡೆಯುತ್ತಿದ್ದರು, ಮತ್ತೆ ಬಾಗಿಲಿನಿಂದ ತುಳಸಿಕಟ್ಟೆಗೆ. ಸ್ವಲ್ಪ ಹೊತ್ತಿಗೆ ತಾಯಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಉಳಿದ ಹೊತ್ತು ಬೀಜಗಣಿತಕ್ಕೆ ಹೋಗುತ್ತಿತ್ತು.

ನಗಬೇಡಿ. ನಮ್ಮ ಶಾಲೆಯಲ್ಲೇನು ಬೇರೆ ಇತ್ತು? ಪಿ.ಟಿ. ಪಿರಿಯಡ್ ಎಂದರೆ ಊರ ಗಾಯರಾಣ ಇದ್ದ ಹಾಗೆ, ಯಾರು ಬೇಕಾದರೂ ದನ ಹೊಡೆದುಕೊಂಡು ಬಂದು ಮೇಯಿಸಬಹುದು. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದವರು ಕೇಳುವುದನ್ನೂ ಬಿಟ್ಟು ನೇರ ಬಂದು ಮೇಜಿನ ಮೇಲೆ ಡಸ್ಟರ್ ಇಡುತ್ತಾರೆ. ಭಾಗ್ಯಜ್ಯೋತಿ ನಮ್ಮ ಶಾಲೆಯ ದೈಹಿಕ ಶಿಕ್ಷಕಿ, ಹೊರ್ತಿಯವಳು, ಖೋಖೋ ಆಡುತ್ತ ಬೆಳೆದವಳು. ಒಂದು ಸಲ ಆ ಡಸ್ಟರನ್ನು ಕಿಟಕಿಯಿಂದ ಹೊರಗೆ ಒಗೆದಳು. ಹೆಡ್‌ಮಾಸ್ತರರು ಮೆಮೊ ಕೊಟ್ಟರು. ಮಕ್ಕಳಿಗೆ ಮೈ ಇದೆ ಎನ್ನುವುದು ನಮ್ಮವರಿಗೆ ನೆನಪಾಗುವುದು ಅವರಿಗೆ ಜ್ವರ ಬಂದಾಗ ಮಾತ್ರ ಎಂದು ಆಕೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದಳು.

ಜಾನಕಿಬಾಯಿಯವರಿಗೆ ಮೊದಲು ಇಬ್ಬರು ಮಕ್ಕಳಿದ್ದರು. ದೊಡ್ಡವನು ಹೃಷೀಕೇಶ. ಅವನು ಹುಟ್ಟಿದಾಗ ಜಾತಕ ಬರೆಸಿದರೆ ಹನ್ನೆರಡು ವರ್ಷದವರೆಗೆ ಜಲಗಂಡಾಂತರ ಎಂದು ಬಂತು. ಜಾನಕಿಬಾಯಿಯವರ ಮಾವನವರು ಮೊಮ್ಮಗನನ್ನು ಬಾವಿ, ಹಳ್ಳ, ಹೊಳೆ ಯಾವುದರ ಸಮೀಪವೂ ಬಿಡಕೂಡದೆಂದು ಕಟ್ಟಪ್ಪಣೆ ಮಾಡಿದರು. ಅವರು ತೀರಿಕೊಂಡ ಮೇಲೂ ಅಪ್ಪಣೆ ನಡೆಯಿತು. ನಮ್ಮ ಕಡೆ ಒಕ್ಕಲುತನದ ಮನೆಯ ಹುಡುಗರು ಬೇಸಿಗೆ ಬಂತೆಂದರೆ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಹೊಲದ ಬಾವಿಗೆ ಬೀಳುತ್ತಾರೆ. ಮಳೆ ಶುರುವಾಗುವುದರೊಳಗೆ ಬೆಂಡು ಬಿಚ್ಚಿ ಈಸುತ್ತಾರೆ. ಹೃಷೀಕೇಶನಿಗೆ ಬಾವಿಯ ದಾರಿಯೇ ಗೊತ್ತಿರಲಿಲ್ಲ.

ಅವನಿಗೆ ಹನ್ನೆರಡು ತುಂಬುವ ಮೊದಲಿನ ಒಂದು ಎಳ್ಳಮವಾಸ್ಯೆಯ ದಿನ ಎಲ್ಲರೂ ಹೊಲಕ್ಕೆ, ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಹೋಗಿದ್ದರು. ಉಂಡಾದ ಮೇಲೆ ಗಂಡಸರು ಗಿಡದ ನೆರಳಿನಲ್ಲಿ ಮಲಗಿದರು, ಹುಡುಗರು ಹೊಲದ ಅಂಚಿನ ಕೆನಾಲಿನ ಕಡೆ ಹೋದರು. ಸಿಮೆಂಟಿನ ಇಳಿಜಾರಿನಲ್ಲಿ ಪಾಚಿ ಕಟ್ಟಿತ್ತು. ಹೃಷೀಕೇಶ ಜಾರಿದ. ಅವನನ್ನು ಹಿಡಿಯಲು ಹೋಗಿ ಪಕ್ಕದ ಹೊಲದ ಹುಡುಗರಿಬ್ಬರೂ ಜಾರಿದರು. ಅವರಿಬ್ಬರು ಈಸಿಕೊಂಡು ದಂಡೆಗೆ ಬಂದು ದೊಡ್ಡವರನ್ನು ಕರೆಯಲು ಓಡಿದರು. ಅವನು ಆಚೆ ಬದಿಯ ಒಂದು ಕಬ್ಬಿಣದ ಸರಳಿಗೆ ಕೈ ಹಾಕಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಗಂಡಸರು ಬರುವಷ್ಟರಲ್ಲಿ ಕೈ ಬಿಟ್ಟಿತ್ತು.

ಊರು ಎರಡು ಮಾತು ಹೇಳಿಕೊಂಡಿತು. ಒಂದು, ಜಾತಕ ಖರೇ ಆಯಿತು ಎಂದು. ಇನ್ನೊಂದು, ಮೊದಲು ಓಡಿ ಬಂದ ಜಾನಕಿಬಾಯಿಯೂ ನೀರಿಗೆ ಹಾರುತ್ತಿದ್ದರು, ನಾಲ್ಕು ಹೆಂಗಸರು ಗಟ್ಟಿಯಾಗಿ ಹಿಡಿದುಕೊಂಡದ್ದಕ್ಕೆ ಉಳಿದರು ಎಂದು. ಇದನ್ನು ಹೇಳುವಾಗ ಹೆಂಗಸರು ಸೆರಗನ್ನು ಬಾಯಿಗೆ ಹಿಡಿಯುತ್ತಿದ್ದರು. ನಾನೂ ನಂಬಿದ್ದೆ.

ಅದಾದ ಮೇಲೆ ಜಾನಕಿಬಾಯಿ ಅಳಲಿಲ್ಲ. ಮೊದಮೊದಲು ಓಣಿಯ ಹೆಂಗಸರು ಅವರನ್ನು ಅಳಿಸಬೇಕೆಂದು ಸಾಕಷ್ಟು ಪ್ರಯತ್ನಪಟ್ಟರು. ಬೆನ್ನು ಸವರಿದರು, ಹುಡುಗನ ಅಂಗಿ ತಂದು ಮಡಿಲಲ್ಲಿ ಇಟ್ಟರು. ಅವರು ಆ ಅಂಗಿಯನ್ನು ನೀಟಾಗಿ ಮಡಚಿ ಟ್ರಂಕಿನಲ್ಲಿ ಇಟ್ಟು ಬಂದರು. ಹೇಗಿದ್ದೀರಿ ಎಂದು ಕೇಳಿದವರಿಗೆಲ್ಲ ಒಂದೇ ಮಾತು: “ಆರಾಮ ಇದ್ದೇವ್ರಿ.” ಮುಂಜಾನೆ ಏಳುವುದು, ಅಂಗಳಕ್ಕೆ ನೀರು ಹಾಕುವುದು, ಪೂಜೆ, ಅಡುಗೆ, ಯಾವುದೂ ನಿಲ್ಲಲಿಲ್ಲ. ಸಾರಿಗೆ ಉಪ್ಪು ಹಾಕುವುದೊಂದು ಆಗಾಗ ಮರೆಯುತ್ತಿತ್ತು. ಅದು ಅವರಿಗೆ ತಿಳಿಯುತ್ತಿರಲಿಲ್ಲ. ಉಣ್ಣುತ್ತಿದ್ದ ಗಂಡ ಜಯತೀರ್ಥರಿಗೂ ತಿಳಿಯುತ್ತಿರಲಿಲ್ಲ. ಅವರು ಆಲಮಟ್ಟಿಯ ಅಣೆಕಟ್ಟಿನ ಕಚೇರಿಯಲ್ಲಿ ಕಾರಕೂನರು. ಮುಂಜಾನೆಯ ಬಸ್ಸಿಗೆ ಹೋಗಿ ದಿನವಿಡೀ ಕಿಟಕಿಯಾಚೆ ನೀರು ನೋಡಿ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಅದರ ಬಗ್ಗೆ ಅವರೂ ಏನೂ ಅಂದವರಲ್ಲ.

ವೃಂದಾಳನ್ನು ಶಾಲೆ ಬಿಡಿಸಿದ್ದು ಆಗ. ಶಾಲೆ ಎಂದರೆ ದಾರಿ, ದಾರಿ ಎಂದರೆ ಹಳ್ಳ, ಪ್ರವಾಸ, ಗೆಳತಿಯರು. ಮನೆ ಎಂದರೆ ನಾಲ್ಕು ಗೋಡೆ, ಅಷ್ಟೇ. ಶಾಲೆ ಬಿಟ್ಟ ಮಕ್ಕಳ ವಿಚಾರಣೆಗೆಂದು ಬಸವನ ಬಾಗೇವಾಡಿಯಿಂದ ಒಂದು ಸಲ ಇಬ್ಬರು ಬಂದಿದ್ದರು. ಹುಡುಗಿ ಅವರೆದುರು ಇಂಗ್ಲಿಷ್ ಪೇಪರು ಗಡಗಡ ಓದಿದಳು, ಶಬ್ದರೂಪ ಒಪ್ಪಿಸಿದಳು. ಇಷ್ಟು ಜಾಣ ಮಗು ನಮ್ಮ ಶಾಲೆಗಳಲ್ಲೇ ಸಿಗುವುದಿಲ್ಲ ಎಂದು ಅವರು ಹೊಗಳಿದರು. ಸುಳ್ಳಲ್ಲ. ಎದ್ದು ನಿಂತು ಓಡು ಎಂದು ಯಾರೂ ಆಕೆಗೆ ಹೇಳಲಿಲ್ಲ.

ಹದಿಮೂರು ತುಂಬಿದ ವರ್ಷ, ಸಂಡಿಗೆ ಒಣಹಾಕಲು ಮಾಳಿಗೆ ಹತ್ತಿದ ವೃಂದಾ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತಟ್ಟೆ ಕೈಯಿಂದ ಜಾರಿತು. ಉಸಿರು ಸಿಗುತ್ತಿರಲಿಲ್ಲ, ತುಟಿ ಬೆಳ್ಳಗಾಗಿತ್ತು. ವಿಜಯಪುರಕ್ಕೆ ಕರೆದುಕೊಂಡು ಹೋದರು. ಡಾಕ್ಟರರು ಎದೆಯ ಫೋಟೊ ತೆಗೆದರು, ರಕ್ತ ನೋಡಿದರು. “ಹಾರ್ಟಿಗೆ ಏನೂ ಆಗಿಲ್ಲ. ಕೂತು ಕೂತು ಕಾಲಾಗಿನ ಶಕ್ತಿ ಹೋಗ್ಯದ. ಆಡ್ಲಿಕ್ಕೆ ಬಿಡ್ರಿ,” ಎಂದರು. ಬರೀ ಮಾತು ಹೇಳಿ ಕಳಿಸಿದರೆ ಜನಕ್ಕೆ ಸಮಾಧಾನ ಆಗುವುದಿಲ್ಲ ಎಂದು ಒಂದು ಟಾನಿಕ್ಕನ್ನೂ ಬರೆದುಕೊಟ್ಟರು.

ಮರುದಿನ ಜಾನಕಿಬಾಯಿ ನಮ್ಮ ಶಾಲೆಯ ಗೇಟಿಗೆ ಬಂದರು. ಭಾಗ್ಯಜ್ಯೋತಿಯನ್ನು ಕರೆಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಉಪಾಯವೊಂದನ್ನು ಹುಡುಕಿಕೊಂಡು ಬಂದಿದ್ದರು.

“ಟೀಚರ್, ದಿನಾ ಒಂದಿಷ್ಟು ಹೊತ್ತು ಮನಿಗೆ ಬಂದು ನಮ್ಮ ವೃಂದಾಗ ಪಿ.ಟಿ. ಹೇಳಿಕೊಡ್ತೀರೇನು? ಪಡಸಾಲಿ ದೊಡ್ಡದ ಅದ. ಬೇಕಾದ್ರ ಟೇಬಲ್ ಸರಸ್ತೀನಿ.”

“ವೈನಿ, ಪಡಸಾಲ್ಯಾಗ ಓಡಿದ್ರ ಗ್ವಾಡಿ ಅಡ್ಡ ಬರ್ತೈತ್ರಿ. ಓಡೂದು ಅಂದ್ರ ಗ್ವಾಡಿ ಬರಬಾರ್ದು.”

“ಹೊರಗ ಬ್ಯಾಡ್ರಿ.”

“ಗ್ರೌಂಡು ನಿಮ್ಮ ಹಿತ್ತಲಕ್ಕ ಹತ್ತೇ ಐತಲ್ರಿ. ನೀವೂ ಬಂದು ಕುಂದರ್ರಿ. ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾಯ್ರಿ, ನಾ ಏನ್ ಬ್ಯಾಡ ಅನ್ನಂಗಿಲ್ಲ.”

ಜಾನಕಿಬಾಯಿ ಬಹಳ ಹೊತ್ತು ಗೇಟಿನ ಕಂಬಿ ಹಿಡಿದು ನಿಂತಿದ್ದರು. ಆಮೇಲೆ ಹೂಂ ಎಂದರು.

ಹಾಗೆ ವೃಂದಾ ಸಂಜೆಯ ಹೊತ್ತು ಮೈದಾನಕ್ಕೆ ಬರತೊಡಗಿದಳು. ಉದ್ದ ಲಂಗ ಉಟ್ಟು ಬಂದವಳು ಮೊದಲ ದಿನವೇ ಅದನ್ನು ತುಳಿದು ಬಿದ್ದಳು. ಮರುದಿನ ಚೂಡಿದಾರ ಬಂತು. ಭಾಗ್ಯಜ್ಯೋತಿ ಆಕೆಯನ್ನು ಖೋಖೋ ಸಾಲಿನಲ್ಲಿ ಕೂರಿಸಿದಳು. ಒಂಬತ್ತನೆಯ ತರಗತಿಯ ಜಾಸ್ಮಿನ ಓಡಿ ಬಂದು ಬೆನ್ನಿಗೆ ಕೈ ತಟ್ಟಿ ‘ಖೋ’ ಎಂದರೆ ಈ ಹುಡುಗಿ ಎದ್ದು ಓಡುವುದು ಬಿಟ್ಟು ಬೆಚ್ಚಿ ಕೂತಲ್ಲೇ ಮುದುಡಿಕೊಂಡಳು. ತಂದೆ ತಾಯಿ ಬಿಟ್ಟು ಬೇರೆಯವರ ಕೈ ಆಕೆಯ ಮೈಗೆ ತಾಗಿ ವರ್ಷಗಳಾಗಿದ್ದವು. ಅದು ನನಗೆ ಆಗ ಹೊಳೆಯಿತು, ಹೊಳೆದು ಸಂಕಟವಾಯಿತು. “ಏಳವಾ, ನಿನಗ ಖೋ ಕೊಟ್ಟೇನಿ,” ಎಂದಳು ಜಾಸ್ಮಿನ. ಬಯ್ಯಲಿಲ್ಲ, ಕೈ ಹಿಡಿದು ಎಬ್ಬಿಸಿದಳು.

ಜಾನಕಿಬಾಯಿ ಬೇವಿನ ಗಿಡದ ಕಟ್ಟೆಯ ಮೇಲೆ ನನ್ನ ಪಕ್ಕ ಕೂರುತ್ತಿದ್ದರು. ಕಣ್ಣು ಮಗಳ ಮೇಲೆ, ಕೈ ಮಡಿಲಲ್ಲಿ. ಮಾತು ಬಹಳ ಕಡಿಮೆ. ಒಂದು ದಿನ ತಾವಾಗಿಯೇ ಹೇಳಿದರು, ಸಿಂದಗಿಯ ತವರಿನ ಓಣಿಯಲ್ಲಿ ಕುಂಟಬಿಲ್ಲೆಯಲ್ಲಿ ತಮ್ಮನ್ನು ಸೋಲಿಸುವವರು ಇರಲಿಲ್ಲವಂತೆ. ದೊಡ್ಡವರಾದ ಮೇಲೆ ಒಳಗೆ ಕೂರಿಸಿದರು. “ಅವತ್ತಿನಿಂದ ಓಡಿಲ್ರಿ,” ಎಂದರು. ಆಮೇಲೆ, “ಒಮ್ಮೆ ಓಡಿದೆ, ಹೊಲದಾಗ,” ಎಂದರು. ನಾನು ಚೀಲದಿಂದ ಶೇಂಗಾ ತೆಗೆದುಕೊಟ್ಟೆ. ತಗೊಂಡರು, ತಿನ್ನಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ವೃಂದಾಳ ಮುಖಕ್ಕೆ ಬಿಸಿಲು ಹತ್ತಿತು. ಓಟದಲ್ಲಿ ಈಗಲೂ ಹಿಂದೆಯೇ, ಆದರೆ ಬಿದ್ದರೆ ಅತ್ತ ಇತ್ತ ನೋಡದೆ ತಾನೇ ಎದ್ದು ಮೊಣಕಾಲು ಜಾಡಿಸಿಕೊಂಡು ಓಡುತ್ತಿದ್ದಳು. ಒಂದು ಸಂಜೆ ಜಾನಕಿಬಾಯಿ ಭಾಗ್ಯಜ್ಯೋತಿಗೆ ಹೇಳಿದರು:

“ನಿನ್ನೆ ಉಣ್ಣೂವಾಗ ಆಕಿ, ಆಯಿ, ಸಾರಿಗೆ ಉಪ್ಪಿಲ್ಲ ಅಂದ್ಳು.”

“ಅಂದ್ರ ಹಸಿವಾಗೈತಿ ಅಂತ ತಿಳ್ಕೋರಿ ವೈನಿ. ಹಸಿದ ಬಾಯಿಗೇ ರುಚಿ ತಿಳಿಯೂದು.”

“ನನಗ ತಿಳೀಲೇ ಇಲ್ರಿ,” ಎಂದರು ಜಾನಕಿಬಾಯಿ.

ಅಷ್ಟರಲ್ಲಿ ಬೇಸಿಗೆಯ ಸೂಟಿ ಬಂತು. ಸೂಟಿಯಲ್ಲಿ ಭಾಗ್ಯಜ್ಯೋತಿ ಹುಡುಗಿಯರನ್ನು ಬಸಂತರಾಯ ಗೌಡರ ತೋಟದ ಬಾವಿಗೆ ಕರೆದುಕೊಂಡು ಹೋಗಿ ಈಸು ಕಲಿಸುತ್ತಾಳೆ. ಸರಕಾರದ ಆದೇಶವಿಲ್ಲ, ಸಂಬಳವಿಲ್ಲ. ಹೃಷೀಕೇಶ ತೀರಿಕೊಂಡ ವರ್ಷದಿಂದ ಶುರುಮಾಡಿದ್ದಳು. ಯಾಕೆಂದು ಆಕೆ ಯಾರಿಗೂ ಹೇಳಿಲ್ಲ, ಕೇಳುವ ಅಗತ್ಯ ನನಗೂ ಬಿದ್ದಿಲ್ಲ. ಜಾಸ್ಮಿನ ಹೋಗುತ್ತಾಳೆ, ಎಲ್ಲರೂ ಹೋಗುತ್ತಾರೆ. ವೃಂದಾ ತಾಯಿಯ ಮುಂದೆ ನಿಂತು, “ಆಯಿ, ನಾನೂ ಹೋಗ್ಲೇನು?” ಎಂದಳು.

ಜಾನಕಿಬಾಯಿ ಮಗಳ ಕೈ ಹಿಡಿದು ಮನೆಗೆ ನಡೆದರು. ಮರುದಿನ ಅವರಿಬ್ಬರೂ ಮೈದಾನಕ್ಕೆ ಬರಲಿಲ್ಲ, ಅದರ ಮರುದಿನವೂ ಇಲ್ಲ.

ಮುಗಿಯಿತು ಎಂದುಕೊಂಡೆವು. ಹುಡುಗಿ ಮತ್ತೆ ಗೋಡೆಯೊಳಗೆ ಹೋದಳು, ಇನ್ನು ಹೊರಗೆ ಬರುವುದಿಲ್ಲ. ಭಾಗ್ಯಜ್ಯೋತಿ ನನ್ನ ಮೇಲೆ ಸಿಟ್ಟು ತೀರಿಸಿಕೊಂಡಳು, ನಾನು ಗುಡುಸಾಬನ ಮೇಲೆ. ಸಂಜೆ ನನ್ನ ಕಟ್ಟೆಯ ಮೇಲೆ ಕೂತರೆ ಜಾನಕಿಬಾಯಿಯವರ ಮನೆಯಿಂದ ಧಡ್ ಎಂದು ಸದ್ದು. ಸ್ವಲ್ಪ ಬಿಟ್ಟು ಮತ್ತೆ ಧಡ್. ವೃಂದಾ ತುಳಸಿಕಟ್ಟೆಯಿಂದ ಓಡಿ ಬಂದು ತಲಬಾಗಿಲಿಗೆ ಎರಡೂ ಕೈ ಬಡಿದು ಹಿಂತಿರುಗುತ್ತಿದ್ದಳು. ಮೊದಲು ನಡೆಯುತ್ತಿದ್ದ ಜಾಗದಲ್ಲಿ ಈಗ ಓಡುತ್ತಿದ್ದಳು. ಆ ಸದ್ದು ದಿನಾ ಕೇಳುತ್ತಿತ್ತು. ಒಳಗೆ ಕೂತ ತಾಯಿಗೆ ಇನ್ನೂ ಹತ್ತಿರದಿಂದ ಕೇಳಿರಬೇಕು.

ಒಂದು ಸಂಜೆ ಭಾಗ್ಯಜ್ಯೋತಿ ನನ್ನ ಮನೆಯಲ್ಲಿ ಚಹಾ ಕುಡಿಯುತ್ತಿದ್ದಳು. ಜಾನಕಿಬಾಯಿ ಬಂದು ಬಾಗಿಲಲ್ಲಿ ನಿಂತರು. ಬರ್ರಿ ಅಂದೆ. ಬಂದು ಕೂತರು. ಚಹಾ ಬೇಡ ಅಂದರು.

“ಟೀಚರ್, ಒಂದು ಮಾತು ಹೇಳೂದದ. ಅವತ್ತು ನಾಲ್ಕು ಮಂದಿ ನನ್ನ ಹಿಡಿದ್ರು ಅಂತಾರಲ್ಲ. ಯಾರೂ ಹಿಡಿದಿದ್ದಿಲ್ಲ.”

ಸೆರಗಿನ ಅಂಚನ್ನು ಮಡಚುತ್ತ ಅವರು ಮುಂದುವರಿಸಿದರು.

“ನಾ ಒಬ್ಬಾಕಿನ ನಿಂತಿದ್ದೆ. ಅವನ ಕೈ ಕಾಣ್ತಿತ್ತು. ಆಯಿ ಅಂದ. ನನಗ ಈಸಲಿಕ್ಕೆ ಬರೂದಿಲ್ಲ ಅಂತ ನನಗ ಗೊತ್ತಿತ್ತು. ಅದಕ್ಕ ನಿಂತೆ. ಹೆಂಗಸರು ಬಂದು ಹಿಡಿದದ್ದು ಅವನ ಕೈ ಹೋದ ಮ್ಯಾಲೆ.”

ನಾಳೆ ಹಾಲಿನವನು ಬರುವುದಿಲ್ಲ ಎಂದು ಹೇಳುವ ಧಾಟಿಯಲ್ಲೇ ಹೇಳಿದರು. ದನಿ ಏರಲಿಲ್ಲ, ಇಳಿಯಲಿಲ್ಲ.

“ಜಾತಕ ಖರೇ ಆತು ಅಂತಾರ. ಖರೇ ಮಾಡಿದವರು ನಾವ. ನೀರಿನ ಭಯ ಅದ ಅಂತ ಗೊತ್ತಿದ್ದ ಹುಡುಗಗ ಎಲ್ಲಾರಕಿಂತ ಮೊದಲ ಈಸು ಕಲಸಬೇಕಿತ್ತು. ನನಗಾದ್ರೂ ಬರಬೇಕಿತ್ತು. ಈಗ ಈಕಿ ಬಾವಿಗೆ ಹೋಗ್ತೀನಿ ಅಂತಾಳ. ಕಳಸಿ ಮತ್ತ ದಂಡಿ ಮ್ಯಾಲ ನಿಲ್ಲೂದು ನನ್ನ ಕೈಲೆ ಆಗೂದಿಲ್ಲ. ಮೊದಲ ನನಗ ಕಲಸ್ರಿ.”

ಎಂಥ ಮಾತಿಗೂ ಎದುರುತ್ತರ ಇಟ್ಟುಕೊಂಡಿರುವ ಭಾಗ್ಯಜ್ಯೋತಿ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು. “ನಾಳೆ ಮುಂಜಾನೆ ಬರ್ರಿ ವೈನಿ. ಹೊಟ್ಟಿ ತುಂಬ ತಿಂದು ಬರಬ್ಯಾಡ್ರಿ,” ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಜಾನಕಿಬಾಯಿ ಎದ್ದು ನನ್ನ ಅಡುಗೆಮನೆಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ನನಗೆ ಕೊಟ್ಟರು.

ಮರುದಿನ ಅವರು ಒಂಬತ್ತು ಗಜದ ಮಡಿಸೀರೆಯನ್ನು ಕಚ್ಚೆ ಹಾಕಿ ಉಟ್ಟುಕೊಂಡು ಬಂದರು. ಪೂಜೆಗೆ ಉಡುವಂಥದ್ದು. ಈಸಲಿಕ್ಕೆ ಅದಕ್ಕಿಂತ ಒಳ್ಳೆಯ ಉಡುಪಿಲ್ಲ ಎಂದು ಭಾಗ್ಯಜ್ಯೋತಿ ಸರ್ಟಿಫಿಕೇಟು ಕೊಟ್ಟಳು. ಬಸಂತರಾಯ ಗೌಡರು ದೂರದಿಂದ ನೋಡಿ, ಏನೂ ಕೇಳದೆ ದಾರಿಯ ಬಾಯಿಗೆ ಹೋಗಿ ಟವೆಲ್ ಹಾಸಿ ಕೂತರು. ಹೆಣ್ಣುಮಕ್ಕಳು ಮೇಲೆ ಬರುವವರೆಗೆ ಯಾವ ಗಂಡಸನ್ನೂ ಆಚೆ ಬಿಡಲಿಲ್ಲ. ಬಾವಿ ಚೌಕನೆಯದು, ಒಂದು ಬದಿಗೆ ಕಲ್ಲಿನ ಮೆಟ್ಟಿಲು. ಈಗ ಬೆಂಡು ಸಿಗುವುದು ಕಷ್ಟ. ಖಾಲಿ ಎಣ್ಣೆಯ ಕ್ಯಾನುಗಳನ್ನೇ ಸೊಂಟಕ್ಕೆ ಬಿಗಿದರು. ನೀರೆಂದರೆ ನನಗೂ ಆಗುವುದಿಲ್ಲ, ಬುತ್ತಿ ಕಾಯುವ ಕೆಲಸ ಹಿಡಿದು ಮೇಲಿನ ಮೆಟ್ಟಿಲಲ್ಲಿ ಕೂತೆ. ನನ್ನ ಪಕ್ಕದಲ್ಲಿ ವೃಂದಾ. ಮೈದಾನದಲ್ಲಿ ಮಗಳು ಓಡಿದಾಗ ತಾಯಿ ಕೂತಿದ್ದರು, ಇಲ್ಲಿ ತಾಯಿ ಇಳಿದರೆ ಮಗಳು ಕೂತಿದ್ದಳು.

ಜಾನಕಿಬಾಯಿ ನೀರಿನಲ್ಲಿ ಕಟ್ಟಿಗೆಯಂತೆ ಸೆಟೆದುಕೊಂಡರು. “ಮೈ ಬಿಡ್ರಿ ವೈನಿ. ಮೈ ಬಿಟ್ರ ನೀರ ಹೊರ್ತೈತಿ,” ಎಂದು ಭಾಗ್ಯಜ್ಯೋತಿ ಹೇಳಿ ಹೇಳಿ ಸೋತಳು. “ಬಿಡ್ಲಿಕ್ಕೆ ಬರವಲ್ದು ನನಗ,” ಎನ್ನುತ್ತಿದ್ದರು ಅವರು. ನೀರು ಕುಡಿದರು, ಕೆಮ್ಮಿದರು, ಮೆಟ್ಟಿಲಿಗೆ ಮೊಣಕೈ ತರಚಿಕೊಂಡರು. ಮತ್ತೆ ಇಳಿದರು. ಅವರಿಗಿಂತ ಆಮೇಲೆ ಶುರುಮಾಡಿದ ಚಿಕ್ಕ ಹುಡುಗಿಯರು ಕ್ಯಾನು ಬಿಚ್ಚಿ ಮೀನಿನ ಹಾಗೆ ಓಡಾಡಿದರೂ ಇವರಿಗೆ ನಾಚಿಕೆಯಾಗಲಿಲ್ಲ. ನಾಚಿಕೆಯೂ ಒಂದು ಭಾವನೆಯೇ, ಅದು ಅವರಲ್ಲಿ ಉಳಿದಿರಲಿಲ್ಲವೇನೋ. “ಆಯಿ, ಕಾಲು ಹೊಡಿ. ಕಾಲು,” ಎಂದು ವೃಂದಾ ಮೇಲಿನಿಂದ ಕೂಗುತ್ತಿದ್ದಳು.

ಹೀಗೇ ಬಹಳ ದಿನ ಹೋದವು. ಮೇ ಮುಗಿಯುತ್ತ ಬಂದಾಗ ಒಂದು ಮುಂಜಾನೆ ಭಾಗ್ಯಜ್ಯೋತಿ ಏನೂ ಹೇಳದೆ ಅವರ ಸೊಂಟದ ಹಗ್ಗ ಬಿಚ್ಚಿ ಕ್ಯಾನುಗಳನ್ನು ಮೆಟ್ಟಿಲ ಮೇಲಿಟ್ಟಳು. ತಾನು ಪಕ್ಕದಲ್ಲೇ ನೀರಿನಲ್ಲಿ ನಿಂತಳು. ಜಾನಕಿಬಾಯಿ ಎದುರಿನ ಗೋಡೆಯನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ಮೆಟ್ಟಿಲು ಬಿಟ್ಟರು. ಕೈ ಅಡ್ಡಾದಿಡ್ಡಿ ಬೀಳುತ್ತಿತ್ತು, ತಲೆ ಮೇಲೆ ಕೆಳಗೆ ಆಗುತ್ತಿತ್ತು, ಆದರೆ ಅವರು ಮುಂದೆ ಹೋಗುತ್ತಿದ್ದರು. ವೃಂದಾ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಎದುರು ಗೋಡೆಯ ಕಲ್ಲಿಗೆ ಅವರ ಕೈ ತಾಗಿತು. ಅಲ್ಲೊಂದು ಹಿಡಿಕೆಯ ಕಲ್ಲು ಚಾಚಿದೆ, ಅದನ್ನು ಹಿಡಿದುಕೊಂಡು ತಿರುಗಿದರು. ಬಿಟ್ಟು ಬಂದ ಮೆಟ್ಟಿಲಿನ ಕಡೆ ನೋಡಿದರು.

“ಇಷ್ಟ ಇತ್ತೇನ್ರಿ?” ಎಂದರು.

ಭಾಗ್ಯಜ್ಯೋತಿ, “ಕೆನಾಲಿಂದು ಹರಿಯೂ ನೀರ, ವೈನಿ. ಇದು ನಿಂತ ನೀರ. ಎರಡೂ ಬ್ಯಾರೆ,” ಎಂದಳು. ಸಮಾಧಾನಕ್ಕೆ ಹೇಳಿದ ಮಾತಲ್ಲ, ನಿಜವೇ.

“ಗೊತ್ತದರಿ,” ಎಂದರು ಜಾನಕಿಬಾಯಿ. ಅವರ ಗದ್ದ ನಡುಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವರ ಮುಖದಲ್ಲಿ ಏನಾದರೂ ಅಲುಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕಲ್ಲು ಬಿಟ್ಟು ಮತ್ತೆ ಈಸಿಕೊಂಡು ಈಚೆ ಬಂದರು. ಮೆಟ್ಟಿಲ ಹತ್ತಿರ ಬಂದವರು ಮೇಲೆ ಹತ್ತಲಿಲ್ಲ. ತಲೆ ಎತ್ತಿ ಮಗಳನ್ನು ನೋಡಿದರು.

“ಇಳಿ, ವೃಂದಾ.”

ಹುಡುಗಿ ನನ್ನ ಕೈ ಬಿಟ್ಟು ಎದ್ದಳು. ಕ್ಯಾನು ಕಟ್ಟಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು, ಪಾದ, ಮೊಣಕಾಲು, ಸೊಂಟ. ಕೆಳಗೆ ಜಾನಕಿಬಾಯಿ ಎರಡೂ ಕೈ ಚಾಚಿಕೊಂಡು ನೀರಿನೊಳಗೇ ಇದ್ದರು.